ಸುಣ್ಣದ ಕಲ್ಲು ದಾಟಿದ ನೀರು

ಈಚಲಕುಂಟೆಯ ನೀರುಗಂಟಿ ವೆಂಕಟರಾಯಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ದೊಡ್ಡ ಗುಣವೆಂದು ಹೊಗಳುವವರು ಹೊಗಳಿಕೊಳ್ಳಲಿ. ಆದದ್ದನ್ನೆಲ್ಲ ಕಂಡ ಮೇಲೆ ನನಗಂತೂ ಹೊಗಳಲು ಬಾಯಿ ಬರುವುದಿಲ್ಲ. ಒಂದು ದಿನ, ಒಂದೇ ಒಂದು ಸುಳ್ಳು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ ಪುಣ್ಯಾತ್ಮ.

ಸೂಲಿಬೆಲೆಯ ಕಡೆಯ ಊರು ಅದು. ಊರಿಗಿಂತ ಕೆರೆ ದೊಡ್ಡದು. ಕೆರೆಯ ತೂಬು ಎತ್ತಿ ಇಳಿಸಿ, ಏರಿಯ ಮೇಲೆ ಹೆಗ್ಗಣ ತೋಡಿದ ಬಿಲ ಮುಚ್ಚಿ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನು ನೀರುಗಂಟಿ. ತಾತನ ಕಾಲದಿಂದ ಅದು ವೆಂಕಟರಾಯಪ್ಪನ ಮನೆಯ ಕೆಲಸ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಮೊರದ ತುಂಬ ರಾಗಿ ಪಡೆಯುತ್ತಿದ್ದ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಬೋರ್‌ವೆಲ್ ಬಂದ ಮೇಲೆ ನೀರುಗಂಟಿ ಯಾರಿಗೂ ಬೇಕಾಗಿರಲಿಲ್ಲ. ಆದರೂ ಈತ ಬೆಳಿಗ್ಗೆ ಬಾಯಿಗೆ ಬೇವಿನಕಡ್ಡಿ ಇಟ್ಟುಕೊಂಡು ಏರಿಗೆ ಹೋಗುವುದನ್ನು ಬಿಡಲಿಲ್ಲ. ಕೆರೆ ಒಣಗಿ ಬಿರುಕು ಬಿಟ್ಟಿದ್ದ ವರ್ಷಗಳಲ್ಲೂ ಹೋಗುತ್ತಿದ್ದ. ಹೆಂಡತಿ ಪಿಳ್ಳಮ್ಮ ರೇಗಿಸುತ್ತಿದ್ದಳು: "ಹೋಗು ಹೋಗು, ನೀನೋಗ್ದಿದ್ರೆ ಕೆರೆ ಎದ್ದು ಬೆಂಗಳೂರಿಗೆ ಹೊಂಟೋಯ್ತದೆ."

ಅವನು ಹೋಗುತ್ತಿದ್ದದ್ದು ನೀರಿಗಾಗಿ ಮಾತ್ರವಲ್ಲ. ಕೆರೆಯ ಬಡಗಲಿಗೆ, ಕೆರೆಯಂಗಳ ಮೇಲಕ್ಕೆ ಏರುವ ಕಡೆ, ಹದಿನೆಂಟು ಎಕರೆಯ ಒಂದು ದಿಣ್ಣೆ ಇತ್ತು. ಬಂದರಿಕೆ ಪೊದೆ, ಕಾರೆಮುಳ್ಳು, ಮೊಣಕಾಲುದ್ದ ಹುಲ್ಲು. ನೋಡಿದವರು ಬೀಳು ಎನ್ನುತ್ತಿದ್ದರು. ಆ ದಿಣ್ಣೆಯಲ್ಲಿ ಗುಳ್ಳೆನರಿಗಳಿದ್ದವು. ಬೆಕ್ಕಿಗಿಂತ ತುಸು ದೊಡ್ಡದು, ಕಡ್ಡಿಕಾಲು, ಬಾಲದ ತುದಿ ಕಪ್ಪು. ಹೊಸಕೋಟೆ ಸುತ್ತ ಒಂದು ಕಾಲದಲ್ಲಿ ಎಲ್ಲ ಊರಿನ ಬೀಳಿನಲ್ಲೂ ಇದ್ದ ಪ್ರಾಣಿ. ಈಗ ಲೇಔಟಿನ ಕಲ್ಲು ನೆಡದ ಬೀಳು ಎಲ್ಲಿದೆ, ನರಿ ಎಲ್ಲಿದೆ?

ದಿಣ್ಣೆಯ ಬುಡದಲ್ಲಿ ಒಂದು ಗುಂಡುಕಲ್ಲಿತ್ತು. ವರ್ಷಕ್ಕೊಮ್ಮೆ ಗೌರಿಹಬ್ಬದ ಮಾರನೆಯ ದಿನ ಅದಕ್ಕೆ ಸುಣ್ಣ ಬಳಿಯುವುದು ಆ ಮನೆಯ ಪದ್ಧತಿ. ನೀರು ಸುಣ್ಣದ ಕಲ್ಲನ್ನು ಮುಟ್ಟಿತೋ, ತೂಬಿನ ಬಿರಡೆ ಎತ್ತಿ ನೀರು ಹೊರಗೆ ಬಿಡಬೇಕು. ಕಲ್ಲಿನಿಂದಾಚೆ ನರಿಯ ಬಿಲಗಳು. ಗಂಗಮ್ಮನಿಗೆ ಇಟ್ಟ ಎಡೆಯಲ್ಲಿ ಒಂದು ಮುದ್ದೆ ಆ ಕಲ್ಲಿನ ಮೇಲೂ ಇಡಬೇಕು. "ನೀರು ನಮ್ದಲ್ಲ ಕಣ್ಲಾ, ಎಲ್ಲರ್ದೂ. ಅವ್ಕೆ ಬಾಯಿಲ್ಲ, ಅವ್ರ ಪಾಲ್ನ ನಾವೇ ನೋಡ್ಬೇಕು" ಎಂದು ಅಪ್ಪ ಸಾಯುವ ಮೊದಲು ಹೇಳಿದ್ದ. ಅಪ್ಪ ಸತ್ತು ಇಪ್ಪತ್ತಾರು ವರ್ಷ. ಆ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನೀರು ಕಲ್ಲು ದಾಟಲಿಲ್ಲ. ದಾಟಲು ಅವನು ಬಿಡಲಿಲ್ಲ.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಚರಂಡಿ ನೀರನ್ನು ಶುದ್ಧಮಾಡಿ ಪೈಪಿನಲ್ಲಿ ಕೆರೆಗೆ ಬಿಡುವುದಕ್ಕೆ ಶುರುಮಾಡಿದರು. ಬೇಸಿಗೆಯಲ್ಲೂ ಕೆರೆ ತುಂಬತೊಡಗಿತು. ಏರಿಯ ಕೆಳಗಿನ ಹೊಲದವರು ಹಿಪ್ಪುನೇರಳೆ ಹಾಕಿದರು, ಕೋಸು ಹಾಕಿದರು, ಸೀಮೆಹಸು ಕಟ್ಟಿದರು. ನೀರುಗಂಟಿಗೆ ಮತ್ತೆ ಕೆಲಸ ಬಂತು. ಕೆಲಸದ ಜೊತೆ ಬೈಗುಳವೂ ಬಂತು. ಕೆರೆಯನ್ನು ಕೋಡಿ ಮಟ್ಟಕ್ಕೆ ತುಂಬಿಸಿದರೆ ಬೋರ್‌ಗಳೆಲ್ಲ ಉಕ್ಕುತ್ತವೆ, ಈ ಮುದುಕ ಒಂದು ಮೊಳ ಮೊದಲೇ ತೂಬು ಎತ್ತಿ ನೀರು ಪೋಲು ಮಾಡುತ್ತಾನೆ ಎಂದು ಊರಿಗೆ ಸಿಟ್ಟು. ಪಂಚಾಯಿತಿ ಮೆಂಬರ್ ಕೆಂಪರಾಜ್ ಏರಿಯ ಮೇಲೆ ನಿಲ್ಲಿಸಿ ಕೇಳಿದ್ದ.

"ಏನಯ್ಯ ವೆಂಕ್ಟ್ರಾಯಪ್ಪ, ನರಿಗೆ ಹದಿನೆಂಟು ಎಕ್ರೆ ಬರ್ಕೊಟ್ಟೋರು ಯಾರು? ನಿಮ್ಮಪ್ಪಾನಾ?"

"ಬರ್ಕೊಟ್ಟಿಲ್ಲ ಗೌಡ್ರೇ. ಇರೋರ್ನ ಯಾಕೆ ಎಬ್ಬಿಸ್ಬೇಕು ಅಂತ."

ಕೆಂಪರಾಜ್ ಕೆಟ್ಟವನಲ್ಲ. ದಿಣ್ಣೆಯ ಜಾಗದಲ್ಲಿ ದೊಡ್ಡ ಗೋಡೌನು ಬಂದರೆ ಊರಿನ ನಲವತ್ತು ಹುಡುಗರಿಗೆ ಕೆಲಸ ಎಂದು ಅವನ ಲೆಕ್ಕ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ನರಸಾಪುರದ ಫ್ಯಾಕ್ಟರಿಯ ಬಸ್ಸಿಗೆ ನಿಲ್ಲುವ ಹೆಣ್ಣುಮಕ್ಕಳನ್ನು ಅವನೂ ನೋಡುತ್ತಿದ್ದ. ಊರಿನಲ್ಲೇ ಕೆಲಸ ಸಿಕ್ಕರೆ ಬೇಡ ಎನ್ನುವವರು ಯಾರು? ಆದರೆ ಕೆರೆಯ ಜಾಗವೆಂದರೆ ಯಾರಿಗೂ ಕೊಡುವಂತಿಲ್ಲ. ಆ ದಿಣ್ಣೆ ಕೆರೆಗೆ ಸೇರಿದ್ದೋ ಅಲ್ಲವೋ ಎಂಬುದು ಹಳೆಯ ನಕ್ಷೆಯಲ್ಲಿ ಸ್ಪಷ್ಟವಿರಲಿಲ್ಲ. ಎಲ್ಲವೂ ಅದರ ಮೇಲೆಯೇ ನಿಂತಿತ್ತು.

ತಮಾಷೆಯೆಂದರೆ ಗೋಡೌನು ಬೇಡವೆಂದು ಅರ್ಜಿ ಬರೆದದ್ದು ಕೆಂಪರಾಜನ ಮಗಳೇ. ಕೀರ್ತನ ಹೊಸಕೋಟೆಯಲ್ಲಿ ಬಿ.ಎಸ್ಸಿ. ಓದುವ ಹುಡುಗಿ. ಚಿಕ್ಕಂದಿನಲ್ಲಿ ವೆಂಕಟರಾಯಪ್ಪನ ಹಿಂದೆ ಏರಿಯ ಮೇಲೆ ಓಡಾಡಿ ಬೆಳೆದವಳು. ಮೊಬೈಲಿನಲ್ಲಿ ನರಿಯ ಫೋಟೋ ಹಿಡಿದು, ಇಲ್ಲಿ ಗುಳ್ಳೆನರಿಗಳಿವೆ, ಈ ಜಾಗ ಉಳಿಸಿ ಎಂದು ಹತ್ತು ಕಚೇರಿಗೆ ಕಳಿಸಿದಳು. ಅಪ್ಪ ಎರಡು ದಿನ ಮಗಳ ಹತ್ತಿರ ಮಾತು ಬಿಟ್ಟ. ಮೂರನೆಯ ದಿನ ಅವನೇ ಅವಳನ್ನು ಬೈಕಿನಲ್ಲಿ ಕಾಲೇಜಿಗೆ ಬಿಟ್ಟ.

ಸಂಕ್ರಾಂತಿ ಕಳೆದ ವಾರ ಅಧಿಕಾರಿಗಳು ಸ್ಥಳ ನೋಡಲು ಬರುತ್ತಾರೆಂದು ಸುದ್ದಿ ಬಂತು. ಕೀರ್ತನ ಓಡಿ ಬಂದು ಹೇಳಿದಳು: "ತಾತ, ನರಿ ನೋಡಕ್ಕೆ ಬರ್ತಾವ್ರೆ. ನಿಮ್ಗೆ ಗೊತ್ತಿರೋದನ್ನೆಲ್ಲ ತೋರಿಸ್ಬೇಕು. ಏನೂ ಮುಚ್ಚಿಡ್ಬೇಡಿ."

ಪಾಪದ ಹುಡುಗಿ, ಅವಳ ತಪ್ಪೇನೂ ಇಲ್ಲ. ಒಬ್ಬ ನೀರುಗಂಟಿಯನ್ನು ಹುಡುಕಿಕೊಂಡು ಸರ್ಕಾರ ಬರುತ್ತದೆ ಎಂದರೆ ಆ ಮನೆಯಲ್ಲಿ ಅದು ಹಬ್ಬವೇ. ಪಿಳ್ಳಮ್ಮ ಪೆಟ್ಟಿಗೆಯಿಂದ ಬಿಳಿ ಪಂಚೆ ತೆಗೆದುಕೊಟ್ಟಳು. ಅವನು ಕ್ಷೌರ ಮಾಡಿಸಿಕೊಂಡ. ಗೌರಿಹಬ್ಬ ಎಷ್ಟೋ ದೂರವಿದ್ದರೂ ಕಲ್ಲಿಗೆ ಇನ್ನೊಂದು ಸಲ ಸುಣ್ಣ ಬಳಿದ.

ನಾಲ್ಕು ಜನ ಬಂದರು. ಮಾತಾಡಿದವನು ಸರ್ವೇಯರ್ ಭೀಮರಾಜ್ ಒಬ್ಬನೇ. ನಗುಮುಖದ ಮನುಷ್ಯ. ವೆಂಕಟರಾಯಪ್ಪ ಅವರನ್ನು ದಿಣ್ಣೆಯೆಲ್ಲ ಸುತ್ತಿಸಿದ. ಬಿಲಗಳನ್ನು ತೋರಿಸಿದ. ಒಂದೊಂದು ಬಿಲಕ್ಕೂ ನಾಲ್ಕೈದು ಬಾಯಿ ಇರುವುದನ್ನು, ಹಿಕ್ಕೆಯಲ್ಲಿ ಬೋರೆಹಣ್ಣಿನ ಬೀಜ ಇರುವುದನ್ನು ತೋರಿಸಿದ. ಅಷ್ಟರಲ್ಲಿ, ಅವನ ಮರ್ಯಾದೆ ಕಾಪಾಡಲೆಂಬಂತೆ, ಮೋಟುಬಾಲದ ಹೆಣ್ಣುನರಿ ಪೊದೆಯಿಂದ ಹೊರಗೆ ಬಂದು, ಎಲ್ಲರನ್ನೂ ಒಂದು ಗಳಿಗೆ ನೋಡಿ ಒಳಗೆ ಹೋಯಿತು.

"ಜನ ನರಿ ಮುಖ ನೋಡಿ ಎದ್ರೆ ಅದೃಷ್ಟ ಅಂತಾರೆ. ನೀವು ದಿನಾ ನೋಡ್ತೀರಲ್ಲ ಯಜಮಾನ್ರೇ, ಪುಣ್ಯವಂತರು" ಎಂದ ಭೀಮರಾಜ್. ಹೊಂಗೆಮರದ ನೆರಳಿನಲ್ಲಿ ಕೂತು ಕಾಗದ ತೆಗೆದ. "ಕೆರೆ ತುಂಬ್ದಾಗ ನೀರು ಇಲ್ಲೀವರ್ಗೂ ಬರ್ತದಾ?"

ಇಲ್ಲಿಯೇ ನೋಡಿ. ಬರುತ್ತದೆ ಎಂದು ಒಂದು ಮಾತು ಹೇಳಿದ್ದರೆ! ತೂಬು ಎತ್ತದೆ ಬಿಟ್ಟರೆ ಬಂದೇ ಬರುವ ನೀರು ಅದು. ಹೇಳಿದ್ದರೆ ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಆದರೆ ವೆಂಕಟರಾಯಪ್ಪನ ಕಿವಿಗೆ ಆ ಪ್ರಶ್ನೆ ಬೇರೆಯೇ ಆಗಿ ಕೇಳಿತು. ನೀನು ನಿನ್ನ ಕೆಲಸ ಸರಿಯಾಗಿ ಮಾಡಿದ್ದೀಯಾ ಎಂದು ಯಾರೋ ಜೀವನದಲ್ಲಿ ಮೊದಲ ಸಲ ಕೇಳುತ್ತಿದ್ದಾರೆ ಎಂದುಕೊಂಡ. ಎದೆ ಸೆಟೆಸಿ ನಿಂತ.

"ಸ್ವಾಮಿ, ಅಮ್ಮ ಗಂಗಮ್ಮನಾಣೆ. ಇಪ್ಪತ್ತಾರು ವರ್ಷ ಆಯ್ತು, ಒಂದ್ ತೊಟ್ಟು ನೀರು ಈ ಕಲ್ಲು ದಾಟಿಲ್ಲ. ನಾನು ದಾಟ್ಸಿಲ್ಲ."

ಭೀಮರಾಜ್ ಬರೆದುಕೊಂಡ. ಬರೆದದ್ದನ್ನು ಓದಿಯೂ ಹೇಳಿದ: ಸದರಿ ಜಾಗಕ್ಕೆ ಇಪ್ಪತ್ತಾರು ವರ್ಷಗಳಿಂದ ಕೆರೆಯ ನೀರು ಬಂದಿರುವುದಿಲ್ಲವೆಂದು ನೀರುಗಂಟಿಯವರು ತಿಳಿಸಿರುತ್ತಾರೆ. "ನಾನು ದಾಟ್ಸಿಲ್ಲ" ಎಂಬ ಮಾತು ಕಾಗದದಲ್ಲಿ ಇರಲಿಲ್ಲ. ವೆಂಕಟರಾಯಪ್ಪ ಅದನ್ನು ಗಮನಿಸಲಿಲ್ಲ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಕಲಿತ ಸಹಿಯನ್ನು, ನಾಲಿಗೆ ಹೊರಗೆ ಹಾಕಿ, ಒಂದೊಂದೇ ಅಕ್ಷರವಾಗಿ ಬರೆದ. ಹೆಬ್ಬೆಟ್ಟು ಒತ್ತದೆ ಸಹಿ ಹಾಕುತ್ತೇನೆಂಬ ಹೆಮ್ಮೆ ಬೇರೆ.

ಫಾಲ್ಗುಣದಲ್ಲಿ ಪಂಚಾಯಿತಿಯ ಬೋರ್ಡಿನ ಮೇಲೆ ನೋಟಿಸು ಬಿತ್ತು. ದಿಣ್ಣೆ ನೀರು ನಿಲ್ಲುವ ಪ್ರದೇಶವಲ್ಲ. ಆದ್ದರಿಂದ ಕೆರೆಯ ಭಾಗವಲ್ಲ. ಗೋಡೌನಿಗೆ ಕೊಡಲು ಅಡ್ಡಿಯಿಲ್ಲ. ಆಕ್ಷೇಪಣೆ ಇದ್ದರೆ ಯುಗಾದಿಯ ನಂತರ ಇನ್ನೊಂದು ಸಲ ಸ್ಥಳ ನೋಡಲಾಗುವುದು. ಕೀರ್ತನ ಅದನ್ನು ಓದಿ ಹೇಳಿದಳು.

"ಯಾರು ಹೇಳಿದ್ರಂತೆ ನೀರು ಬರಲ್ಲ ಅಂತ?" ಎಂದು ಕೇಳಿದ ವೆಂಕಟರಾಯಪ್ಪ.

ಅವಳು ನೋಟಿಸಿನ ಮೇಲೆ ಬೆರಳಿಟ್ಟಳು. ಕೆಳಗೆ ಅವನ ಹೆಸರಿತ್ತು.

ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ. ಅವನು ತಾಲ್ಲೂಕು ಕಚೇರಿಗೆ ಮೂರು ಸಲ ಹೋದ. ನಾನು ತೂಬು ಎತ್ತಿದ್ದಕ್ಕೆ ನೀರು ಬರಲಿಲ್ಲ, ಎತ್ತದಿದ್ದರೆ ಬರುತ್ತದೆ ಎಂದು ಮೇಜಿನಿಂದ ಮೇಜಿಗೆ ಹೇಳಿಕೊಂಡು ಬಂದ. ಕೇಳಿದವರೆಲ್ಲ ತಲೆಯಾಡಿಸಿದರು. ಮೂರನೆಯ ಸಲ ಭೀಮರಾಜನೇ ಸಿಕ್ಕಿ, ಟೀ ಕೊಡಿಸಿ, ನಿಜವಾಗಿಯೂ ಮರುಗಿ ಹೇಳಿದ: "ಯಜಮಾನ್ರೇ, ಬಾಯಿಮಾತು ನಡೆಯಲ್ಲ. ನಾವು ಬಂದ ದಿನ ನೀರು ನಿಂತಿದ್ರೆ ನೋಡೋಣ. ಇಲ್ದಿದ್ರೆ ನನ್ ಕೈನೂ ಕಟ್ಟಿದೆ."

ಬಸ್ಸಿನಲ್ಲಿ ಕೂತಾಗಲೇ ಅವನಿಗೆ ಅದು ಹೊಳೆಯಿತು. ಹೊಳೆದದ್ದಕ್ಕೆ ತನ್ನನ್ನು ತಾನೇ ಶಪಿಸಿಕೊಂಡ. ತೂಬು ಮುಚ್ಚಿ, ಕೋಡಿಗೆ ಮರಳುಚೀಲ ಇಟ್ಟರೆ, ಪೈಪಿನ ನೀರು ದಿನಕ್ಕೆ ಒಂದು ಬೆರಳಿನಷ್ಟು ಏರುತ್ತದೆ. ಯುಗಾದಿಯ ಹೊತ್ತಿಗೆ ಕಲ್ಲು ದಾಟುತ್ತದೆ. ಜಾಗ ಉಳಿಯುತ್ತದೆ. ಜಾಗ ಉಳಿದರೆ ನರಿ ಇವತ್ತಲ್ಲ ನಾಳೆ ವಾಪಸು ಬರುತ್ತದೆ.

ಮನೆಗೆ ಬಂದು ಪಿಳ್ಳಮ್ಮನಿಗೆ ಹೇಳಿದ. ಅವಳು ರಾಗಿ ಕೇರುವುದನ್ನು ನಿಲ್ಲಿಸಿದಳು.

"ಆ ಮೋಟುಬಾಲ್ದೋಳು ಮರಿ ಹಾಕವ್ಳೆ. ಹದಿನೈದು ದಿನ ಆಗಿಲ್ಲ. ನೀನೇ ಹೇಳ್ದ್ಯಲ್ಲ, ಕಣ್ಣು ಬಿಟ್ಟಿಲ್ಲ ಅಂತ."

"ನಿಧಾನಕ್ಕೆ ಏರಿಸ್ತೀನಿ ಕಣೇ. ಒಂದೊಂದೇ ಬೆರಳು. ತಾಯಿ ಅಲ್ವಾ, ಬಾಯಲ್ಲಿ ಕಚ್ಕೊಂಡು ಮೇಲಕ್ಕೆ ಹೋಗ್ತಾಳೆ."

"ಮೇಲಕ್ಕೆ ಅಂದ್ರೆ ಎಲ್ಲಿಗೆ? ಮೇಲೆ ರೋಡು."

ಪಿಳ್ಳಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಗಂಡನಿಗೆ ಬಡಿಸಿದಳು, ಎದುರಿಗೆ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ತೂಬಿನ ಬಿರಡೆ ಇಳಿಸಿ ಬಿಗಿಮಾಡಿದ. ಮೂರೇ ದಿನದಲ್ಲಿ ಕೆಳಗಿನ ಕಾಲುವೆ ಒಣಗಿತು. ಕೋಸು ಬಾಡಿತು, ಹಿಪ್ಪುನೇರಳೆ ಎಲೆ ಸುರುಟಿಕೊಂಡಿತು. ಇಷ್ಟು ವರ್ಷ ನೀರು ಜಾಸ್ತಿ ಬಿಡುತ್ತಾನೆಂದು ಬೈದವರು ಈಗ ಬಿಡುತ್ತಿಲ್ಲವೆಂದು ಬೈಯಲು ಬಂದರು. ತೂಬಿನ ಕಂಬಕ್ಕೆ ಒರಗಿ ಕೂತಿದ್ದವನನ್ನು ಒಬ್ಬ ರಟ್ಟೆ ಹಿಡಿದು ಎಬ್ಬಿಸಿದ. ಅಷ್ಟರಲ್ಲಿ ಕೆಂಪರಾಜ್ ಬಂದು ಬಿಡಿಸಿದ. ಎಲ್ಲರನ್ನೂ ಕಳಿಸಿ, ಅವನ ಪಕ್ಕ ಏರಿಯ ಮೇಲೆ ಕೂತ.

"ನೀನೇನ್ ಮಾಡ್ತಾ ಇದೀಯ ಅಂತ ನಂಗೊತ್ತು."

ವೆಂಕಟರಾಯಪ್ಪ ಜಾರಿದ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡ.

"ನಾನೇನೂ ಬಾಯಿ ಬಿಡಲ್ಲ. ನನ್ ಮಗಳು ಊಟ ಬಿಟ್ಟವ್ಳೆ. ಆದ್ರೆ ಒಂದ್ ಮಾತು ಕೇಳ್ತೀನಿ. ಜಾಗ ಕೆರೆದಾಯ್ತು ಅಂತಾನೇ ಇಟ್ಕೊ. ಆಮೇಲೆ ವರ್ಷಾ ವರ್ಷಾ ನೀರು ನಿಲ್ಲಿಸ್ಲೇಬೇಕಾಯ್ತದಲ್ಲ? ನರಿ ಎಲ್ಲಿರ್ತದೆ?"

ಈ ಮಾತು ಸರಿಯೆಂದು ವೆಂಕಟರಾಯಪ್ಪನಿಗೆ ಗೊತ್ತಿತ್ತು. ಆದರೂ ಬಿರಡೆ ಎತ್ತಲಿಲ್ಲ. ಜಾಗ ಇದ್ದರೆ ಮುಂದಿನದು ಮುಂದೆ ಎಂದುಕೊಂಡ. ಇಲ್ಲದಿದ್ದರೆ ಏನೂ ಇಲ್ಲವಲ್ಲ.

ಹನ್ನೊಂದನೆಯ ದಿನ ನೀರು ಸುಣ್ಣದ ಕಲ್ಲನ್ನು ಮುಟ್ಟಿತು. ಹದಿಮೂರನೆಯ ದಿನ ಕಲ್ಲನ್ನು ದಾಟಿತು. ಬಿಲದ ಬಾಯಿಗಳು ಇನ್ನೂ ಎರಡು ಗೇಣು ಮೇಲಿದ್ದವು. ಇನ್ನೂ ಟೈಮಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ನೀರು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಮಣ್ಣಿನೊಳಗೆ ಹೋಗುತ್ತದೆ, ಏಡಿಯ ತೂತಿನಲ್ಲಿ, ಬೇರಿನ ಸಂದಿನಲ್ಲಿ ಜಿನುಗುತ್ತದೆ ಎಂದು ನೀರುಗಂಟಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಏರಿಯ ಜಿನುಗನ್ನು ಕಾಲಿನ ಬೆರಳಿನಿಂದಲೇ ಕಂಡುಹಿಡಿಯುತ್ತಿದ್ದವನು ಅವನು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಎರಡು ದಿನ ಕಳೆದ. ಆ ಎರಡು ದಿನಗಳ ಮಾತನ್ನು ಅವನು ಆಮೇಲೆ ಯಾರ ಹತ್ತಿರವೂ ಆಡಲಿಲ್ಲ, ಪಿಳ್ಳಮ್ಮನ ಹತ್ತಿರ ಮಾತ್ರ ಆಡಿದ.

ಹದಿನೈದನೆಯ ಬೆಳಿಗ್ಗೆ ಹೋದಾಗ ಮೋಟುಬಾಲದವಳು ಹೊರಗೆ ನಿಂತಿದ್ದಳು. ಮೈಯೆಲ್ಲ ಕೆಸರು. ಬಿಲದ ಒಂದು ಬಾಯಿಗೆ ತಲೆ ಹಾಕುವುದು, ಹೊರಗೆ ತೆಗೆಯುವುದು, ಇನ್ನೊಂದು ಬಾಯಿಗೆ ಓಡುವುದು. ಅವನನ್ನು ಕಂಡು ಓಡಲಿಲ್ಲ. ಅವನು ಮಂಡಿಯೂರಿ ಬಿಲಕ್ಕೆ ಕೈ ಹಾಕಿದ. ತೋಳು ಪೂರ್ತಿ ಒಳಗೆ ಹೋಯಿತು. ಬೆರಳಿಗೆ ನೀರು ತಗುಲಿತು, ಆಮೇಲೆ ಮೆತ್ತಗೆ ಏನೋ ತಗುಲಿತು. ಗುದ್ದಲಿ ತಂದು ಅಗೆದ. ನಾಲ್ಕು ಮರಿ. ಮೂರು ತಣ್ಣಗಾಗಿದ್ದವು. ಒಂದಕ್ಕೆ ಇನ್ನೂ ಬಿಸಿ ಇತ್ತು. ಅದನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಓಡಿದ. ಪಿಳ್ಳಮ್ಮ ಒಲೆಯ ಹತ್ತಿರ ಮಲಗಿಸಿ, ಬತ್ತಿಯಲ್ಲಿ ಹಾಲು ಅದ್ದಿ ಬಾಯಿಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದೂ ಹೋಯಿತು.

"ನಮ್ಮಪ್ಪ ಕಾಯ್ದ, ನಾನು ಕಾಯ್ದೆ. ಕೊನೆಗೆ ನಾನೇ ಕೊಂದೆ ಕಣೇ" ಎಂದ. ಪಿಳ್ಳಮ್ಮನಿಗೆ ಇಲ್ಲ ಎನ್ನಬೇಕೆನಿಸಿತು. ಅವಳಿಗೂ ಸುಳ್ಳು ಬರುತ್ತಿರಲಿಲ್ಲ. ಗಂಡನ ತಲೆಯನ್ನು ಮಡಿಲಿಗೆ ಎಳೆದುಕೊಂಡು ತಾನೂ ಅತ್ತಳು.

ಯುಗಾದಿ ಕಳೆದ ನಾಲ್ಕನೆಯ ದಿನ ಅಧಿಕಾರಿಗಳು ಬಂದರು. ಮರಿ ಹೋದ ಮೇಲೂ ಅವನು ಬಿರಡೆ ಎತ್ತಿರಲಿಲ್ಲ, ದಿಣ್ಣೆಯ ಅರ್ಧ ನೀರಿನಲ್ಲಿತ್ತು. ಭೀಮರಾಜ್ ನೀರನ್ನು ನೋಡಿದ, ತೂಬನ್ನು ನೋಡಿದ, ಕೋಡಿಯ ಮೇಲೆ ಸಾಲಾಗಿ ಇಟ್ಟಿದ್ದ ಮರಳುಚೀಲಗಳನ್ನು ನೋಡಿದ. ಜೊತೆಗೆ ಬಂದಿದ್ದ ದೊಡ್ಡ ಅಧಿಕಾರಿ ಕೇಳಿದ: "ಈ ನೀರು ಹೇಗೆ ಬಂತು?"

ಸುಳ್ಳು ಹೇಳಲು ಇನ್ನೊಂದು ಸಲ ಅವಕಾಶ ಸಿಕ್ಕಿತು. ತಾನಾಗಿ ಬಂತು ಸ್ವಾಮಿ, ಎಂದರೆ ಮುಗಿಯುತ್ತಿತ್ತೋ ಏನೋ. ಕೀರ್ತನ ದೂರದಲ್ಲಿ ನಿಂತು ಕೈಬೆರಳು ಹಿಚುಕಿಕೊಳ್ಳುತ್ತಿದ್ದಳು. ವೆಂಕಟರಾಯಪ್ಪ ನೀರಿನ ಕಡೆ ನೋಡಿಕೊಂಡೇ ಹೇಳಿದ.

"ನಾನೇ ನಿಲ್ಲಿಸ್ದೆ."

ಹೊಸ ಕಾಗದದಲ್ಲಿ ಎರಡು ಸಾಲು ಬರೆದರು. ಒಂದು, ನೀರನ್ನು ಉದ್ದೇಶಪೂರ್ವಕವಾಗಿ ನಿಲ್ಲಿಸಲಾಗಿದೆ, ಆದ್ದರಿಂದ ಹಿಂದಿನ ಮಹಜರು ಹಾಗೆಯೇ ಉಳಿಯತಕ್ಕದ್ದು. ಎರಡು, ಅರ್ಜಿಯಲ್ಲಿ ಹೇಳಿರುವ ವನ್ಯಜೀವಿಗಳಾಗಲಿ ಅವುಗಳು ವಾಸವಿರುವ ಬಿಲಗಳಾಗಲಿ ಸ್ಥಳದಲ್ಲಿ ಕಂಡುಬಂದಿಲ್ಲ. ಎರಡೂ ನಿಜ. ಒಂದಕ್ಷರ ತಪ್ಪಿಲ್ಲ. ಭೀಮರಾಜ್ ಪೆನ್ನು ಮುಂದೆ ಹಿಡಿದ. ವೆಂಕಟರಾಯಪ್ಪ ಪೆನ್ನು ಮುಟ್ಟಲಿಲ್ಲ, ಎಡಗೈ ಹೆಬ್ಬೆಟ್ಟು ಚಾಚಿದ. ಭೀಮರಾಜ್ ಮಸಿಯ ಡಬ್ಬಿ ತೆಗೆದ.

ಕೀರ್ತನ ಹತ್ತಿರ ಬಂದು, "ತಾತ, ನಾನು ಅರ್ಜಿ ಬರೀದೇ ಇದ್ದಿದ್ರೆ..." ಎಂದಳು.

"ನೀನು ಒಳ್ಳೇದಕ್ಕೆ ಬರೆದೆ ಮಗ. ನಾನೂ ಒಳ್ಳೇದಕ್ಕೇ ಹೇಳ್ದೆ. ಮನೆಗೋಗು, ಬಿಸ್ಲು."

ಹೊರಡುವಾಗ ದೊಡ್ಡ ಅಧಿಕಾರಿ ಜೀಪಿನಿಂದ ತಲೆ ಹೊರಗೆ ಹಾಕಿ, ಸೋಮವಾರ ಜೆಸಿಬಿ ಬರುತ್ತದೆ, ಅಷ್ಟರಲ್ಲಿ ನೀರು ಇಳಿಸಿಡಿ ಎಂದು ಹೇಳಿದ. ಕೆಂಪರಾಜ್, ಬೇರೆ ಯಾರನ್ನಾದರೂ ಕಳಿಸುತ್ತೇನೆ, ನೀನು ಮನೆಯಲ್ಲಿರು ಎಂದ. ವೆಂಕಟರಾಯಪ್ಪ ಒಪ್ಪಲಿಲ್ಲ. ಬಿರಡೆ ಒಂದೇ ಸಲ ಎತ್ತಿದರೆ ಏರಿ ಕೊಚ್ಚಿಹೋಗುತ್ತದೆ, ಗೊತ್ತಿಲ್ಲದವರ ಕೈಗೆ ಕೊಡುವ ಕೆಲಸವಲ್ಲ ಎಂದ. ಮರಳುಚೀಲಗಳನ್ನು ಒಂದೊಂದಾಗಿ ಇಳಿಸಿದ. ತೂಬಿನ ಕಂಬ ಹತ್ತಿ ಬಿರಡೆಯನ್ನು ಒಂದು ಗೇಣು ಎತ್ತಿದ. ಕೆಳಗಿನ ಕಾಲುವೆಗೆ ನೀರು ಹರಿಯಿತು. ಬಾಡಿದ ಹಿಪ್ಪುನೇರಳೆಯವರು ಗುದ್ದಲಿ ಹಿಡಿದು ಓಡಿಬಂದರು.

ಮೂರು ದಿನ ಅವನು ಅಲ್ಲೇ ಕೂತು ನೀರು ಇಳಿಸಿದ. ಮೊದಲು ಅಗೆದು ಬಿಟ್ಟ ಬಿಲಗಳು ಕಂಡವು. ಭಾನುವಾರ ಬೆಳಿಗ್ಗೆ ಕಲ್ಲು ಕಂಡಿತು. ಸುಣ್ಣವೆಲ್ಲ ಕರಗಿಹೋಗಿ ಬರೀ ಕಲ್ಲು. ಮೋಟುಬಾಲದವಳು ಬರುತ್ತಾಳೇನೋ ಎಂದು ಬೇವಿನಕಡ್ಡಿ ಅಗಿಯುತ್ತ ಬಿಸಿಲೇರುವವರೆಗೆ ನೋಡಿದ. ಸಂಜೆಯ ಹೊತ್ತಿಗೆ ನೀರು ಕಲ್ಲಿನಿಂದ ನಾಲ್ಕು ಮಾರು ಹಿಂದೆ ಸರಿದು, ದಿಣ್ಣೆ ಒಣಗಿ, ಮಹಜರಿನಲ್ಲಿ ಅವನೇ ಹೇಳಿ ಬರೆಸಿದ್ದ ಹಾಗೆಯೇ ಆಯಿತು.